ಎದ್ದು ಹೋಗಲಾರದವರು

ನಮ್ಮ ಅತ್ತೆಗೆ ನಿಮ್ಮ ಮೇಲೆ ಪ್ರೀತಿ ಇದೆಯೋ ಇಲ್ಲವೋ ಎಂದು ತಿಳಿಯುವುದು ಬಹಳ ಸುಲಭವಾಗಿತ್ತು. ಪ್ರೀತಿ ಇಲ್ಲದಿದ್ದರೆ ಕಾಫಿ ಕೊಟ್ಟು ಕಳಿಸುತ್ತಿದ್ದರು. ಪ್ರೀತಿ ಇದ್ದರೆ, ನೀವು ಸತ್ತ ಮೇಲೆ ಎಲ್ಲಿಗೆ ಹೋಗುತ್ತೀರಿ ಎಂದು ಕೇಳುತ್ತಿದ್ದರು.

ನಾನು ದೊಡ್ಡಬಳ್ಳಾಪುರದ ಆ ಮನೆಗೆ ಸೊಸೆಯಾಗಿ ಬಂದ ದಿನವೇ, ಮುಡಿದ ಹೂವು ಬಾಡುವ ಮೊದಲೇ, ನನ್ನನ್ನೂ ಕೇಳಿದರು.

"ನಾನು ಹುಟ್ಟಿದಾಗಿಂದ ಕ್ರೈಸ್ತಳೇ ಅಲ್ವಾ ಅತ್ತೆ?" ಎಂದೆ.

"ಹುಟ್ಟಿದ್ದು ನಿಮ್ಮಪ್ಪನ ಮನೇಲಿ. ನೀನಾಗಿ ಒಪ್ಪಿದ್ದು ಯಾವಾಗ, ಅದು ಹೇಳು."

ಕಾನ್ವೆಂಟಿನಲ್ಲಿ ನಮಗೆ ದೇವರ ಮಾತನ್ನು ಕೈಕಟ್ಟಿಕೊಂಡು, ತಗ್ಗಿದ ದನಿಯಲ್ಲಿ ಆಡಲು ಕಲಿಸಿದ್ದರು. ಅತ್ತೆ ಅದನ್ನೇ ಸೊಪ್ಪು ಮಾರುವವಳ ದನಿಯಲ್ಲಿ ಆಡುತ್ತಿದ್ದರು. ಈಗ ಕಿತ್ತು ತಂದದ್ದು, ಬಿಸಿಲೇರುವುದರೊಳಗೆ ಎಲ್ಲರ ಮನೆಗೂ ಮುಟ್ಟಬೇಕು, ಬಾಡಿದರೆ ಯಾರಿಗೆ ಬೇಕು?

ಅತ್ತೆಯೂ ಮಾವನವರೂ ಮದುವೆಯಾದ ಮೇಲೆ ಯೇಸುಸ್ವಾಮಿಯನ್ನು ನಂಬಿದವರು. ಎರಡೂ ಕಡೆಯ ಬಂಧುಗಳು ಹೊಲ, ಮನೆ, ದೇವರು ಎಲ್ಲವನ್ನೂ ಇದ್ದಲ್ಲೇ ಇಟ್ಟುಕೊಂಡು ಉಳಿದರು. ಆ ಬಂಧುಗಳಿಗೂ ನೆರೆಯವರಿಗೂ ಸ್ವಾಮಿಯ ವಿಷಯ ತಿಳಿಸುವ ಕೆಲಸದಲ್ಲಿ ಅತ್ತೆ ಒಂದು ಉಪಾಯ ಕಂಡುಕೊಂಡಿದ್ದರು. ಎದ್ದು ಹೋಗಲಾರದವರನ್ನು ನೋಡಿ ಹಿಡಿಯುವುದು!

ಮೊದಲು ಸಿಕ್ಕವನು ಪಕ್ಕದ ಮನೆಯ ನೇಕಾರ. ಮಗ್ಗದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತವನು ಓಡುವುದಾದರೂ ಹೇಗೆ? ಅತ್ತೆ ಮಗ್ಗದ ಪಕ್ಕ ಮಣೆ ಹಾಕಿಕೊಳ್ಳುತ್ತಿದ್ದರು.

"ಲಾಳಿ ಸದ್ದಿಗೆ ಏನೂ ಕೇಳಿಸ್ತಿಲ್ಲ ಕಣಕ್ಕ."

"ಪರವಾಗಿಲ್ಲ, ಜೋರಾಗೇ ಹೇಳ್ತೀನಿ."

ನಾನು ನಾಚಿಕೊಂಡು ಅವನ ಹೆಂಡತಿಯ ಬಳಿ ಕ್ಷಮೆ ಕೇಳಲು ಹೋದರೆ ಆಕೆ ನಕ್ಕಳು. "ದಿನಾ ಬರ್ಲಿ ಬಿಡಮ್ಮ. ನಿಮ್ಮತ್ತೆ ಬಂದು ಕೂತ ದಿನ ನಮ್ಮೆಜಮಾನ್ರು ತಲೆ ಎತ್ತದೆ ನೇಯ್ತಾರೆ. ಸೀರೆ ಬೇಗ ಇಳಿಯುತ್ತೆ."

ಆಮೇಲೆ ಬಸ್ಸು. ಅದು ಯುದ್ಧದ ಕಾಲ. ಪೆಟ್ರೋಲ್ ಸಿಗದೆ ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದ್ದರು. ಸಣ್ಣದೊಂದು ಏರು ಬಂದರೂ ಬಸ್ಸು ನಿಟ್ಟುಸಿರು ಬಿಟ್ಟು ನಿಂತುಬಿಡುತ್ತಿತ್ತು. ಒಲೆಗೆ ಗಾಳಿ ಹಾಕಿ ಉರಿ ಎಬ್ಬಿಸುವ ತನಕ ಎಲ್ಲರೂ ಸರ್ಕಾರವನ್ನು ಬೈಯುತ್ತಿದ್ದರೆ, ಅತ್ತೆ ಮಾತ್ರ ಸ್ವಾಮಿಗೆ ಸ್ತೋತ್ರ ಹೇಳಿ ಕಂಡಕ್ಟರನ ಕಡೆ ತಿರುಗುತ್ತಿದ್ದರು.

"ಏನಪ್ಪಾ, ಈ ಬಸ್ಸು ನಿಂತಂಗೇ ನಿನ್ನ ಉಸಿರೂ ನಿಂತೋದ್ರೆ ಎಲ್ಲಿಗೆ ಹೋಗ್ತೀಯಾ?"

"ದೇವನಹಳ್ಳಿಗೇ ಕಣಮ್ಮ. ಟಿಕೆಟ್ ಹರಿದುಬಿಟ್ಟಿದೀನಿ."

ಆ ಕಂಡಕ್ಟರನ ಮೇಲೂ ನಿಮಗೆ ಪ್ರೀತಿಯೇ ಎಂದು ಮೆಲ್ಲಗೆ ಕೇಳಿದೆ. "ಹೋದ ವರ್ಷವೂ ಇವನ ಬಸ್ಸಲ್ಲೇ ಬಂದಿದ್ದೆ. ಇನ್ನೇನಾಗ್ಬೇಕು?" ಎಂದರು.

ಬಸ್ಸಿನ ಪ್ರಯಾಣವೆಲ್ಲ ಒಬ್ಬರಿಗಾಗಿ. ದೇವನಹಳ್ಳಿಯ ಆಚೆ ನಲ್ಲೂರಿನಲ್ಲಿ ಅತ್ತೆಯ ಅಕ್ಕ ಇದ್ದರು, ನಮಗೆಲ್ಲ ದೊಡ್ಡಮ್ಮ. ಪ್ರತಿ ವರ್ಷ ಹುಣಸೆಹಣ್ಣು ಬಡಿದು ರಾಶಿ ಹಾಕುವ ಹೊತ್ತಿಗೆ ಅತ್ತೆ ಅಲ್ಲಿ ಹಾಜರು. ಹಣ್ಣು ಜಜ್ಜಿ ಬೀಜ ಬಿಡಿಸುತ್ತಾ ಕೂತವರ ಕೈಯೆಲ್ಲ ಅಂಟು. ರಾಶಿ ಕರಗುವ ತನಕ ಯಾರೂ ಏಳುವಂತಿಲ್ಲ. ಅತ್ತೆಗೆ ಇನ್ನೇನು ಬೇಕು?

"ಬಂದ್ಯಾ ಪುಟ್ಟಿ? ನಿನ್ನ ಸ್ವಾಮೀನ ಕರ್ಕೊಂಡ್ಬಂದ್ಯೋ, ಈ ಸಲ ಬಿಟ್ಬಂದ್ಯೋ?"

"ಆತನೇ ನನ್ನ ಕರ್ಕೊಂಡ್ಬಂದಿದ್ದು ಕಣಕ್ಕ."

ಅತ್ತೆ ಪ್ರತಿ ವರ್ಷವೂ ಅದೇ ಕತೆ ತೆಗೆಯುತ್ತಿದ್ದರು. ಒಂದು ಕುರಿ ತಪ್ಪಿಸಿಕೊಂಡು ಹೋಗುತ್ತದೆ, ಕುರುಬ ಮಿಕ್ಕ ಕುರಿಗಳನ್ನೆಲ್ಲ ಬಿಟ್ಟು ಅದನ್ನೇ ಹುಡುಕಿಕೊಂಡು ಹೊರಡುತ್ತಾನೆ. ಅಷ್ಟಕ್ಕೇ ದೊಡ್ಡಮ್ಮ ತಡೆಯುತ್ತಿದ್ದರು.

"ಇರೇ. ಮಿಕ್ಕ ಕುರಿ ಯಾರ ವಶಕ್ಕೆ ಬಿಟ್ಟೋದ? ತೋಳ ಬಂದ್ರೆ?"

"ಅಕ್ಕ, ಕತೆ ಪೂರ್ತಿ ಕೇಳು."

"ಮೊದ್ಲು ತೋಳದ್ದು ತೀರ್ಮಾನ ಆಗ್ಲಿ."

ತೋಳದ ವಿಚಾರಣೆ ಮುಗಿಯುವಷ್ಟರಲ್ಲಿ ರಾಶಿ ಮುಗಿದಿರುತ್ತಿತ್ತು. ದೊಡ್ಡಮ್ಮ ಕೈ ತೊಳೆಯಲು ಏಳುತ್ತಿದ್ದರು. ಹೀಗೆ ಆ ಬಡಪಾಯಿ ಕುರಿ ವರ್ಷವರ್ಷವೂ ಮುಳ್ಳಿನ ಪೊದೆಯಲ್ಲೇ ಉಳಿಯಿತು.

ಒಮ್ಮೆ ಹಿಂದಿರುಗುವಾಗ ಬಸ್ಸು ನಿಂತರೂ ಅತ್ತೆ ಯಾರ ಕಡೆಯೂ ತಿರುಗಲಿಲ್ಲ. ಉಗುರಿನ ಸಂದಿಯ ಹುಣಸೆ ನಾರನ್ನು ಕೀಳುತ್ತಾ ಕೂತಿದ್ದರು. "ದೊಡ್ಡಮ್ಮ ನಿಧಾನವಾಗಿ ಒಪ್ಪಲಿ ಬಿಡಿ ಅತ್ತೆ. ಅಷ್ಟೊಂದು ಆತುರ ಯಾಕೆ?" ಎಂದೆ.

"ನಮ್ಮವ್ವ ಒಂದಿನ, ನಿಮ್ಮ ಸ್ವಾಮಿ ಕತೆ ಏನೇ ಅದು, ಹೇಳೇ, ಅಂದಿದ್ಲು. ಬಾಗಿಲಲ್ಲಿ ಗಾಡಿ ಕಟ್ಟಿ ನಿಂತಿತ್ತು. ಮುಂದಿನ ಸಲ ಬಂದಾಗ ಹೇಳ್ತೀನವ್ವ ಅಂದೆ." ಉಗುರಿನಿಂದ ಇನ್ನೊಂದು ನಾರು ಕಿತ್ತು ಹೇಳಿದರು: "ಮುಂದಿನ ಸಲ ಹೋದಾಗ ಅವ್ವ ಇರಲಿಲ್ಲ."

ಆಮೇಲೆ ನಾನು ಅವರ ಆತುರಕ್ಕೆ ನಾಚಿಕೊಂಡದ್ದಿಲ್ಲ.

ಯುದ್ಧ ಮುಗಿದ ಮೇಲೆ ಒಂದು ವರ್ಷ, ಸರಿಯಾಗಿ ಹುಣಸೆಹಣ್ಣಿನ ಕಾಲದಲ್ಲಿ, ಅತ್ತೆಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ಹೋಯಿತು. ಊರಿಗೆ ಹೊರಡಲೆಂದು ಬಟ್ಟೆ ತುಂಬಿಟ್ಟಿದ್ದ ಚೀಲ ಬಾಗಿಲ ಬಳಿಯೇ ಇತ್ತು. ಅವರ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಇನ್ನೊಂದು ಸಲ ಹೇಳುವ ಹೊತ್ತು ತಪ್ಪಿದವರ ನೋಟ ಅದು. ನನಗೆ ನೋಡಲಾಗಲಿಲ್ಲ, ನಲ್ಲೂರಿಗೆ ಹೇಳಿ ಕಳಿಸಿದೆ.

ಹೊಗೆ ಬಸ್ಸು ಹತ್ತುವುದೇ ಇಲ್ಲ ಎನ್ನುತ್ತಿದ್ದ ದೊಡ್ಡಮ್ಮ ಅದೇ ಬಸ್ಸಿನಲ್ಲಿ ಬಂದರು. ಕಂಕುಳಲ್ಲಿ ಒಂದು ಕುಕ್ಕೆ ಹುಣಸೆಹಣ್ಣು. ತಂಗಿಯ ಮಂಚದ ಪಕ್ಕ ಗೋಣಿ ಹಾಸಿ, ಹಣ್ಣು ಸುರುವಿಕೊಂಡು, ಬೀಜ ಬಿಡಿಸತೊಡಗಿದರು.

"ಈಗ ಸಿಕ್ಕಿದ್ಯಾ? ಎದ್ದೋಗೋ ಹಂಗಿಲ್ಲ, ನಡುವೆ ಬಾಯಿ ಹಾಕೋ ಹಂಗೂ ಇಲ್ಲ. ಸುಮ್ನೆ ಕೇಳು."

ಹೇಳಿದ್ದು ಕುರಿಯ ಕತೆ. ಕುರುಬನ ಹೆಗಲಿಗೆ ನಲ್ಲೂರಿನ ಕಂಬಳಿ ಬಂದಿತ್ತು, ಕುರಿ ಕಳೆದದ್ದು ಅಲ್ಲಿಯ ಹುಣಸೆ ತೋಪಿನಲ್ಲೇ. ಪೊದೆ ಸೀಳಿ, ಮೈಯೆಲ್ಲ ಗೀರಿಸಿಕೊಂಡು, ಕುರಿಯನ್ನು ಹೆಗಲ ಮೇಲೆ ಹೊತ್ತು ಅವನು ಮನೆ ಸೇರುವ ತನಕ ದೊಡ್ಡಮ್ಮ ನಿಲ್ಲಿಸಲಿಲ್ಲ. ನಾನು ಕಂಡಂತೆ ಅತ್ತೆ ಎಂದೂ ಮುಗಿಸಲಾಗದ ಕತೆ, ಒಂದು ಮಾತೂ ಬಿಟ್ಟುಹೋಗದಂತೆ.

"ತೋಳ ದೊಡ್ಡಮ್ಮ?" ನಾನೇ ಕೇಳಿದೆ.

"ಒಂದು ಕುರೀನ ಬಿಡದೋನು ಮಿಕ್ಕಿದ್ದನ್ನ ತೋಳಕ್ಕೆ ಬಿಟ್ಟಾನೇನಮ್ಮ? ನೀನು ಬರೋಕ್ ಮುಂಚೆ, ಮೊದಲ್ನೇ ವರ್ಷ ಇವಳು ಪೂರ್ತಿ ಹೇಳಿದಾಗ್ಲೇ ಗೊತ್ತಾಗಿತ್ತು ನನಗೆ."

"ಮತ್ತೆ ಯಾಕೆ ಇಷ್ಟು ವರ್ಷ..."

"ಒಪ್ಪಿದೆ ಅಂದ್ಬಿಟ್ಟಿದ್ರೆ ಇವಳು ಇನ್ಯಾರದೋ ಮನೆಗೆ ಓಡ್ತಿದ್ಲು." ದೊಡ್ಡಮ್ಮ ಬೀಜವೊಂದನ್ನು ಪಕ್ಕಕ್ಕೆ ಎಸೆದರು. "ನನಗೆ ನನ್ನ ತಂಗಿ ಬೇಕಾಗಿತ್ತು."

ಆಮೇಲೆ ಮಂಚದ ಕಡೆ ಬಾಗಿದರು. "ಸತ್ಮೇಲೆ ಎಲ್ಲಿಗೆ ಹೋಗ್ತೀಯಾ ಅಂತ ಜೀವ ತಿಂತಿದ್ಯಲ್ಲ ಪುಟ್ಟಿ. ಆ ಹೆಗಲ ಮೇಲೇ ಇದೀನಿ ಕಣೇ. ನೀ ಮುಂದೆ ಹೋದ್ರೆ ನನಗೂ ಒಂದು ಜಾಗ ಹಿಡಿದಿರು."

ಅತ್ತೆಯ ಎಡಗೈ ಮಂಚದಿಂದ ಕೆಳಗಿಳಿಯಿತು. ರಾಶಿಯನ್ನು ತಡವಿ ಒಂದು ಹಣ್ಣು ಎತ್ತಿಕೊಂಡಿತು. ಬಲಗೈಯ ಸಹಾಯವಿಲ್ಲದೆ ಹೆಬ್ಬೆರಳಿನಿಂದಲೇ ಬೀಜ ಬಿಡಿಸುವುದೆಂದರೆ ಎಷ್ಟು ಹೊತ್ತು ಹಿಡಿಯಬೇಡ? ನಾನು ಅವರನ್ನು ಕಂಡ ಇಷ್ಟು ವರ್ಷಗಳಲ್ಲಿ ಮೊದಲ ಸಲ, ಅವರಿಗೆ ಯಾವ ಆತುರವೂ ಇರಲಿಲ್ಲ.