ಹುಳಿಯ ಜೊತೆ ಎಂಟು ಮನೆ ಹಿಂದಕ್ಕೆ

ಅಪಾಯದಿಂದ ಪಾರಾದವನಿಗೆ ಆಮೇಲೆ ಬರುವ ಮುಖ್ಯ ತೊಂದರೆ ಎಂದರೆ ಕೇಳುವವರ ಅಭಾವ. ಅಪಾಯವೇನೋ ಅರ್ಧ ನಿಮಿಷದಲ್ಲಿ ಮುಗಿದುಹೋಗುತ್ತದೆ. ಅದನ್ನು ಹೇಳಿ ಮುಗಿಸಲು ವರ್ಷವಾದರೂ ಸಾಲದು. ನನ್ನ ವಿಷಯದಲ್ಲಿ ಮೊದಲನೆಯ ವಾರ ಎಲ್ಲರೂ ಕಾಫಿ ಕೊಟ್ಟು, ನಡುನಡುವೆ "ಛೆ ಛೆ" ಎನ್ನುತ್ತ ಕೇಳಿದರು. ಎರಡನೆಯ ವಾರ ಕಾಫಿ ಮಾತ್ರ ಕೊಟ್ಟರು. ಈಗ ನಾನು ಗಾಂಧಿಬಜಾರಿನಲ್ಲಿ ಎದುರಿಗೆ ಬಂದರೆ ನಮ್ಮ ಕಾಲೇಜಿನ ಸಹೋದ್ಯೋಗಿಗಳು ಥಟ್ಟನೆ ಹೂವಿನವರ ಕಡೆ ತಿರುಗುತ್ತಾರೆ. ಮನೆಗೆ ಎಂದೂ ಹೂವು ಒಯ್ಯದವರು ಸೇವಂತಿಗೆ ಮೊಳಕ್ಕೆ ಎಷ್ಟು ಎಂದು ವಿಚಾರಿಸತೊಡಗುತ್ತಾರೆ. ನನ್ನ ಹೆಂಡತಿ ವಿಮಲ ಅಂತೂ ನಾನು "ಆ ದಿನ" ಎಂದು ಶುರುಮಾಡಿದೊಡನೆ "ಎಷ್ಟು ಮನೆ ಇವತ್ತು?" ಎಂದು ಕೇಳುತ್ತಾಳೆ. ಅವಳ ಪ್ರಕಾರ, ಮೊದಲ ಸಲ ಹೇಳಿದಾಗ ನಾನು ಮೂರು ಮನೆಯಷ್ಟು ದೂರ ಹಿಂದಕ್ಕೆ ಉರುಳಿದ್ದೆ. ಈಚೆಗೆ ಅದು ಹನ್ನೊಂದಕ್ಕೆ ಏರಿದೆ. ಓದುಗರು ಹೂವಿನ ಅಂಗಡಿಗೆ ತಿರುಗುವಂತಿಲ್ಲ ಎಂಬ ಧೈರ್ಯದಿಂದ ಎಲ್ಲವನ್ನೂ ಮೊದಲಿನಿಂದ ಹೇಳುತ್ತೇನೆ. ಮನೆಗಳ ಸಂಖ್ಯೆಯನ್ನು ಎಂಟಕ್ಕೆ ನಿಲ್ಲಿಸಿದ್ದೇನೆ.

ಇದಕ್ಕೆಲ್ಲ ಮೂಲ ವಿಮಲಳ ಅಕ್ಕ, ಸೀತಕ್ಕ. ಚಾಮರಾಜಪೇಟೆಯಲ್ಲಿ ತಮ್ಮ ಮನೆಯ ಹಿತ್ತಲಲ್ಲೇ ಅಡಿಗೆ ಮಾಡಿಸಿ, ಆಫೀಸಿನವರಿಗೆ ಮಧ್ಯಾಹ್ನದ ಊಟ ಕಳಿಸುವ ಕೆಲಸ ಅವರದು. ಭಾವ ತೀರಿಕೊಂಡ ಮೇಲೆ ನಾಲ್ಕು ಜನರ ಊಟದಿಂದ ಶುರುಮಾಡಿ ಒಬ್ಬರೇ ಅದನ್ನು ನಲವತ್ತಕ್ಕೆ ತಂದಿದ್ದರು. ಹಾಗಿರುವಾಗ ಒಂದು ಕಾರ್ಖಾನೆಯವರು ಹೇಳಿಕಳಿಸಿದರು: ಬರುವ ತಿಂಗಳ ಒಂದನೆಯ ತಾರೀಖಿನಿಂದ ದಿನಾ ಮುನ್ನೂರು ಜನರಿಗೆ ಅನ್ನ, ಹುಳಿ, ಪಲ್ಯ, ಮಜ್ಜಿಗೆ, ಹನ್ನೆರಡೂವರೆಗೆ ಸರಿಯಾಗಿ, ಮುಚ್ಚಿದ ದೊಡ್ಡ ವ್ಯಾನಿನಲ್ಲಿ ಬರಬೇಕು, ವ್ಯಾನು ಒಂದು ವರ್ಷಕ್ಕೆ ಲೀಸಾಗಿರುವ ಕಾಗದವನ್ನು ಮುಂಚಿತವಾಗಿ ತೋರಿಸಬೇಕು, ಇಲ್ಲವಾದರೆ ಕೆಲಸ ಬೇರೆಯವರಿಗೆ. ಸೀತಕ್ಕ ಆ ಕಾಗದವನ್ನು ದೇವರ ಮುಂದಿಟ್ಟು ಬಂದು, "ಇದೊಂದು ದಕ್ಕಿಬಿಟ್ರೆ ನಾನು ಯಾರ ಮುಖಾನೂ ನೋಡಬೇಕಾಗಿಲ್ಲ ವಿಮಲಾ," ಎಂದರು.

ಅದುವರೆಗೆ ಊಟ ಹೋಗುತ್ತಿದ್ದುದು ಜಟಕಾದಲ್ಲಿ. ಕುದುರೆ ಒಳ್ಳೆಯದೇ. ಆದರೆ ಅದರ ಹಿಂದಿನ ಉದ್ಯೋಗ ಮದುವೆಯ ಮೆರವಣಿಗೆ. ದಾರಿಯಲ್ಲಿ ಎಲ್ಲಾದರೂ ವಾಲಗದ ಸದ್ದು ಕೇಳಿದರೆ ಆಫೀಸು, ಊಟ ಎಲ್ಲ ಮರೆತು ಅದು ಆ ಕಡೆಗೆ ತಿರುಗಿ ಮದುಮಗನ ಹಿಂದೆ ಗಂಭೀರವಾಗಿ ಹೆಜ್ಜೆ ಹಾಕುತ್ತಿತ್ತು. ಒಂದು ಲಗ್ನದ ದಿನವಂತೂ ನಲವತ್ತು ಜನರ ಊಟ ಮಲ್ಲೇಶ್ವರದ ಯಾವುದೋ ಛತ್ರದ ಬಾಗಿಲಲ್ಲಿ ಹೋಗಿ ನಿಂತಿತು; ಹೆಣ್ಣಿನ ಕಡೆಯವರು ಇಳಿಸಿಕೊಂಡು ಬಡಿಸಿಯೂ ಬಿಟ್ಟರು. ಹುಳಿ ಬಹಳ ಚೆನ್ನಾಗಿತ್ತೆಂದು ಗಂಡಿನ ಕಡೆಯವರು ಆಮೇಲೆ ಹೇಳಿಕಳಿಸಿದರಂತೆ. ಸೀತಕ್ಕ ಅದನ್ನು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಆದರೆ ಮುನ್ನೂರು ಜನರ ಊಟವನ್ನು ಆ ಕುದುರೆಯ ಮನಸ್ಸಿಗೆ ಬಿಡುವಂತಿರಲಿಲ್ಲ.

"ಮೇಷ್ಟ್ರೇ, ನೀವು ಫಿಜಿಕ್ಸ್ ಓದಿರೋರು. ಒಂದು ಒಳ್ಳೇ ವ್ಯಾನು ಆರಿಸಿಕೊಡಿ," ಎಂದು ಸೀತಕ್ಕ ನನ್ನನ್ನು ಕೇಳಿದಾಗ ನಾನು ಉಬ್ಬಿಹೋದೆ. ಹದಿನಾಲ್ಕು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ್ದೇನೆ. ಒಬ್ಬರೂ ನನ್ನ ವಿದ್ಯೆಯನ್ನು ಮನೆಬಳಕೆಗೆ ಕೇಳಿರಲಿಲ್ಲ. ಕಲಾಸಿಪಾಳ್ಯವನ್ನೆಲ್ಲ ಸುತ್ತಿ, ಲೀಸಿಗೆ ಸಿಗುವ ವ್ಯಾನುಗಳ ಪಟ್ಟಿ ಮಾಡಿ, ಗ್ರಾಫ್ ಹಾಳೆಯ ಮೇಲೆ ಎಂಜಿನ್ನಿನ ಶಕ್ತಿ, ಹೊರುವ ಭಾರ, ಡೀಸೆಲ್ ಖರ್ಚು ಎಲ್ಲವನ್ನೂ ಮೂರು ಬಣ್ಣದ ಶಾಯಿಯಲ್ಲಿ ಬರೆದು ತೋರಿಸಿದೆ. ಸೀತಕ್ಕ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಇದರಲ್ಲಿ ಹುಳಿ ಎಲ್ಲಿದೆ?"

"ಹುಳಿ ಇದರಲ್ಲಿ ಬರೋದಿಲ್ಲ ಸೀತಕ್ಕ."

"ಮತ್ತೆ ವ್ಯಾನು ಯಾತಕ್ಕೆ? ಓಡೋದೇನು, ಎಲ್ಲಾ ವ್ಯಾನೂ ಓಡತ್ತೆ. ಹುಳಿ ಚೆಲ್ಲದ ಹಾಗೆ ಓಡತ್ತಾ ಅಂತ ನೋಡಬೇಕು."

ನನ್ನ ಗ್ರಾಫ್ ಹಾಳೆಯನ್ನು ಮುಂದಿನ ವಾರ ಅವರ ಹಪ್ಪಳದ ಡಬ್ಬಿಯ ತಳದಲ್ಲಿ ಕಂಡೆ. ಅಷ್ಟರಲ್ಲಿ ಅವರದೇ ಪರೀಕ್ಷೆಯೊಂದು ಸಿದ್ಧವಾಗಿತ್ತು. ಮದುವೆಯ ಅಡಿಗೆಗೆ ಬಳಸುವ ದೊಡ್ಡ ಕೊಳದಪ್ಪಲೆಯ ಕಂಠದವರೆಗೆ ಹುಳಿ ತುಂಬುವುದು. ವ್ಯಾನಿನಲ್ಲಿ ಒಂದು ಬಿಳಿಯ ಪಂಚೆ ಹಾಸಿ, ಅದರ ಮೇಲೆ ಆ ಪಾತ್ರೆಯನ್ನು ಮುಚ್ಚಳವಿಲ್ಲದೆ ಇಡುವುದು. ಚಾಮರಾಜಪೇಟೆಯಿಂದ ಬಸವನಗುಡಿ ಹಾದು, ಹನುಮಂತನಗರದ ಗುಡ್ಡದ ಏರು ಹತ್ತಿ ಇಳಿದು ವಾಪಸು ಬರುವುದು. ಬಂದ ಮೇಲೆ ಪಂಚೆಯ ಮೇಲಿನ ಹಳದಿ ಕಲೆ ನೋಡುವುದು. ನೀರು ತುಂಬಿ ನೋಡಬಾರದೇ ಎಂದು ಕೇಳಿದೆ. "ನೀರು ಕುಲುಕೋದೇ ಬೇರೆ, ಹುಳಿ ಕುಲುಕೋದೇ ಬೇರೆ," ಎಂದರು. ಯೋಚಿಸಿ ನೋಡಿದರೆ ಭೌತಶಾಸ್ತ್ರವೂ ಅದನ್ನೇ ಹೇಳುತ್ತದೆ. ಪಂಚೆಗಳು ನನ್ನವು. ಪಾತ್ರೆಯ ಪಕ್ಕದಲ್ಲಿ ಕೂರುವ ಕೆಲಸವೂ ನನ್ನದೇ ಆಯಿತು. "ನೀವು ಸಾಕ್ಷಿ ಮೇಷ್ಟ್ರೇ. ಪಾತ್ರೆ ಮಾತ್ರ ಮುಟ್ಟಕೂಡದು. ಸುಮ್ಮನೆ ನೋಡ್ತಾ ಇರಿ," ಎಂದು ಕಟ್ಟಪ್ಪಣೆಯಾಯಿತು.

ವಾರಕ್ಕೊಂದು ವ್ಯಾನಿನಂತೆ ಭಾನುವಾರಗಳು ಕಳೆದವು. ಮೊದಲನೆಯ ವ್ಯಾನಿನ ಪಂಚೆ ಅರಿಸಿನದ ಶಾಸ್ತ್ರಕ್ಕೆ ಹೋಗಿಬಂದಂತಿತ್ತು. ಎರಡನೆಯದು ಪರವಾಗಿಲ್ಲ ಎನ್ನುವಷ್ಟರಲ್ಲಿ ಒಂದು ನಾಯಿ ಅಡ್ಡ ಬಂತು. ಎರಡು ಪಂಚೆಗಳೂ ಸೀತಕ್ಕನ ಹಿತ್ತಲಿನ ತಂತಿಯ ಮೇಲೆ ಅಕ್ಕಪಕ್ಕ ನೇತಾಡಿದವು. ಪರೀಕ್ಷೆ ಮುಗಿದ ಹುಳಿ ಬೀದಿಯ ಮನೆಗಳಿಗೆಲ್ಲ ಹೋಗುತ್ತಿದ್ದುದರಿಂದ ಭಾನುವಾರ ಆ ಬೀದಿಯಲ್ಲಿ ಯಾರೂ ಹುಳಿ ಮಾಡುವುದನ್ನೇ ಬಿಟ್ಟಿದ್ದರು. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಬಗ್ಗಿ, "ಮುಂದಿನ ವಾರದ ವ್ಯಾನಿಗೆ ಏನು ತರಕಾರಿ ಸೀತಮ್ಮಾ? ಬದನೇಕಾಯಿ ಆದ್ರೆ ನಮ್ಮೆಜಮಾನ್ರಿಗೆ ಆಗಲ್ಲ," ಎಂದು ಮುಂಗಡವಾಗಿ ತಿಳಿಸಿದರು.

ಮೂರನೆಯ ಭಾನುವಾರದ ಹೊತ್ತಿಗೆ ಒಂದನೆಯ ತಾರೀಖಿಗೆ ಐದೇ ದಿನ ಉಳಿದಿತ್ತು. ಅಂದು ಬಂದದ್ದು ಬಿನ್ನಿಪೇಟೆಯ ಚಿನ್ನಪ್ಪನ ವ್ಯಾನು. ಅದಕ್ಕೆ ಮಾಲೀಕನೂ ಡ್ರೈವರೂ ಅವನೇ. ಮೊದಲು ಅದು ಒಂದು ನಾಟಕ ಕಂಪನಿಯ ಪರದೆಗಳನ್ನು ಹೊರುತ್ತಿತ್ತಂತೆ. ಒಳಗೋಡೆಯ ಮೇಲೆ ಯಾರೋ ಬಣ್ಣ ನೋಡಲು ಬರೆದ ಅರಮನೆಯ ಅರ್ಧ ಕಂಬ ಹಾಗೇ ಉಳಿದಿತ್ತು. ಎತ್ತರವಾಗಿ, ಅಗಲವಾಗಿ, ಸೀತಕ್ಕ ತಲೆ ಬಗ್ಗಿಸದೆ ಒಳಗೆ ಓಡಾಡುವಷ್ಟು ದೊಡ್ಡದಾಗಿತ್ತು. ಹಿಂಬಾಗಿಲು ಹೊರಗಿನಿಂದ ಮಾತ್ರ ತೆಗೆಯುತ್ತಿತ್ತು. "ಪರದೆಗಳು ತಾವಾಗೇ ಬಾಗಿಲು ತಕ್ಕೊಂಡು ಇಳಿಯಲ್ವಲ್ಲ ಸಾರ್," ಎಂದು ಚಿನ್ನಪ್ಪ ಕಾರಣ ಕೊಟ್ಟ. ಹ್ಯಾಂಡ್‌ಬ್ರೇಕಿನ ಬಗ್ಗೆ ಕೇಳಿದೆ. "ಇದೆ ಸಾರ್. ಆದ್ರೂ ನನಗೆ ಕಲ್ಲಿನ ಮೇಲೇ ನಂಬಿಕೆ," ಎಂದ. ನಾನು ಆ ಮಾತನ್ನು ಅಲ್ಲೇ ಹಿಡಿದು ವಿಚಾರಿಸಬೇಕಾಗಿತ್ತು. ವಿದ್ಯಾವಂತನ ಗಮನ ಅರಮನೆಯ ಕಂಬದ ಮೇಲಿತ್ತು.

ಸೀತಕ್ಕ ಮುಂದೆ ಚಿನ್ನಪ್ಪನ ಪಕ್ಕ ಕೂತರು. ನಾನು ಹಿಂದೆ ಹುಳಿಯ ಪಕ್ಕ ಕೂತೆ. ಬಾಗಿಲು ಹೊರಗಿನಿಂದ ಹಾಕಿದರು. ಹನುಮಂತನಗರದ ಏರಿನವರೆಗೂ ಎಲ್ಲ ಚೆನ್ನಾಗಿತ್ತು. ಪಂಚೆಯ ಮೇಲೆ ನಾಲ್ಕೈದು ಹನಿ ಬಿದ್ದಿರಬಹುದು. ಏರಿನ ಮುಕ್ಕಾಲು ಭಾಗದಲ್ಲಿ ತರಕಾರಿ ಗಾಡಿಯ ಹೆಂಗಸೊಬ್ಬಳು ನುಗ್ಗೆಕಾಯಿ ಮಾರುತ್ತಿದ್ದಳು. ಎಳೆಯ ನುಗ್ಗೆಕಾಯಿ ಕಂಡರೆ ಸೀತಕ್ಕ ಲೋಕವನ್ನು ಮರೆಯುತ್ತಾರೆ. "ನಿಲ್ಲಿಸಪ್ಪಾ ಒಂದು ನಿಮಿಷ," ಎಂದರು. ಚಿನ್ನಪ್ಪ ನಿಲ್ಲಿಸಿ ಇಳಿದ; ಆಸುಪಾಸಿನಲ್ಲಿ ಕಲ್ಲು ಕಾಣದೆ, ಆ ಹೆಂಗಸು ತನ್ನ ಗಾಡಿಯ ಚಕ್ರಗಳಿಗೆ ಕೊಟ್ಟಿದ್ದ ಎರಡು ಕಲ್ಲುಗಳಲ್ಲಿ ಒಂದನ್ನು ಕೇಳಿ ಪಡೆದು ವ್ಯಾನಿನ ಹಿಂದಿನ ಚಕ್ರಕ್ಕೆ ಕೊಟ್ಟ. ಆಮೇಲೆ ಬೀಡಿ ಹಚ್ಚಲು ಮರದ ನೆರಳಿಗೆ ಹೋದ. ಇದಿಷ್ಟನ್ನೂ ಹಿಂಬಾಗಿಲಿನ ಜಾಲರಿಯಿಂದ ನಾನು ಕಣ್ಣಾರೆ ಕಂಡೆ.

ಅಷ್ಟರಲ್ಲಿ ಇಳಿದು ಗಾಡಿಯ ಮುಂದೆ ನಿಂತಿದ್ದ ಸೀತಕ್ಕ, ಕಟ್ಟಿಗೆ ಇನ್ನೆರಡು ಕಾಯಿ ಸೇರಿಸು ಎಂದು ಪಟ್ಟು ಹಿಡಿದರು. "ಇನ್ನೆರಡಾ? ಗಿಡಾನೇ ಕಿತ್ಕೊಂಡ್ ಬರ್ತೀನಿ, ಇರಕ್ಕಾ," ಎಂದಳು ಅವಳು. "ಮಾತು ಜಾಸ್ತಿ, ಕಾಯಿ ಕಮ್ಮಿ," ಎಂದರು ಸೀತಕ್ಕ. ವ್ಯಾಪಾರ ಮುರಿಯಿತು. ಅವಳು ಸಿಟ್ಟಿನಿಂದ ಸಾಮಾನು ಸರಿಮಾಡಿಕೊಂಡು, "ನನ್ ಕಲ್ಲು ತಗೋತೀನಣ್ಣಾ," ಎಂದು ಕೂಗಿದಳು. ಬೀಡಿಗೆ ಬೆಂಕಿ ತಗುಲಿಸುವುದರಲ್ಲಿ ಮುಳುಗಿದ್ದ ಚಿನ್ನಪ್ಪ, "ತಗೋ ತಗೋ," ಎಂದ. ಅವಳು ಬಂದು, ಗಾಡಿಯ ಇನ್ನೊಂದು ಕಲ್ಲಿನಿಂದ ಎರಡು ಏಟು ಹೊಡೆದು, ನಮ್ಮ ಚಕ್ರದ ಕಲ್ಲನ್ನು ಸಡಿಲಮಾಡಿ ಎಳೆದುಕೊಂಡಳು. ನಾನು ಜಾಲರಿಗೆ ಬಾಯಿ ಹಚ್ಚಿ, "ಅಮ್ಮಾ, ಒಂದು ನಿಮಿಷ," ಎಂದೆ. ಕ್ಲಾಸಿನಲ್ಲಿ ಕೊನೆಯ ಬೆಂಚಿಗೂ ಕೇಳುವ ನನ್ನ ದನಿ ಅಂದು ಹುಳಿಗೂ ಕೇಳಿಸಿರಲಾರದು.

ಹದಿನಾಲ್ಕು ವರ್ಷದಿಂದ ನಾನು ಕರಿಹಲಗೆಯ ಮೇಲೆ ಇಳಿಜಾರನ್ನು ಬರೆದು, ಅದರ ಮೇಲೊಂದು ಚೌಕ ಬರೆದು, ಅದು ಯಾವಾಗ ಜಾರುತ್ತದೆ ಎಂದು ಲೆಕ್ಕ ಮಾಡಿಸುತ್ತ ಬಂದಿದ್ದೇನೆ. ಆ ಚೌಕದ ಒಳಗೊಬ್ಬ ಮನುಷ್ಯ ಕೂತಿದ್ದರೆ ಅವನಿಗೇನನ್ನಿಸುತ್ತದೆ ಎಂದು ಯಾವ ಪಠ್ಯಪುಸ್ತಕವೂ ಕೇಳಿಲ್ಲ. ಮೊದಲು ಏನೂ ಅನ್ನಿಸುವುದಿಲ್ಲ. ರಸ್ತೆಯೇ ನಿಧಾನವಾಗಿ ತನ್ನ ಕಡೆಗೆ ಬರುತ್ತಿರುವಂತೆ ಕಾಣುತ್ತದೆ. ಹಸಿರು ಗೇಟಿನ ಮನೆ ಬಂತು. ತುಳಸಿಕಟ್ಟೆಯ ಮನೆ ಬಂತು. ಜಗಲಿಯ ಮೇಲೆ ಪತ್ರಿಕೆ ಓದುತ್ತಿದ್ದ ಹಿರಿಯರೊಬ್ಬರು ತಲೆಯೆತ್ತಿ ನನ್ನನ್ನು ನೋಡಿದರು. ನಾನು ಅಭ್ಯಾಸಬಲದಿಂದ ನಮಸ್ಕಾರ ಮಾಡಿದೆ. ಆಮೇಲಿನ ಮನೆಗಳು ಬೇಗಬೇಗ ಬಂದವು. ಕೆಳಗೆ ಅಡ್ಡರಸ್ತೆಯಲ್ಲಿ ಒಂದು ಬಸ್ಸು ಹಾದುಹೋಗುತ್ತಿರುವುದು ಕಂಡಿತು. ಅಷ್ಟುಹೊತ್ತಿಗೆ ನನ್ನ ಎರಡು ಕೈಗಳೂ ಎರಡು ಕಾಲುಗಳೂ ಕೊಳದಪ್ಪಲೆಯನ್ನು ಸುತ್ತಿಕೊಂಡಿದ್ದವು. ಆ ವ್ಯಾನಿನಲ್ಲಿ ನನಗೆ ನೆಂಟರೆಂದು ಇದ್ದದ್ದು ಅದೊಂದೇ. ಚಿನ್ನಪ್ಪ ಓಡಿಬರುತ್ತಿದ್ದ ಸದ್ದು, ಸೀತಕ್ಕ "ಮೇಷ್ಟ್ರೂ" ಎಂದು ಕೂಗಿದ್ದು, ಎರಡೂ ಮುಂದಿನ ಕಡೆಯಿಂದ ಕೇಳುತ್ತಿದ್ದವು. ಆಮೇಲೆ ಮೆತ್ತಗೆ, ದೊಡ್ಡ ದಿಂಬಿಗೆ ಒರಗಿದ ಹಾಗೆ, ವ್ಯಾನು ನಿಂತಿತು. ಯಾರೋ ಮನೆ ಕಟ್ಟಿಸಲು ರಸ್ತೆಗೆ ಸುರಿಸಿದ್ದ ಮರಳಿನ ರಾಶಿಯಲ್ಲಿ ಅದರ ಹಿಂಭಾಗ ಹೂತುಹೋಗಿತ್ತು. ಅಡ್ಡರಸ್ತೆ ಅಲ್ಲಿಂದ ಹತ್ತು ಹೆಜ್ಜೆ.

ಚಿನ್ನಪ್ಪ ಕೈಯಿಂದ ಮರಳು ಸರಿಸಿ ಬಾಗಿಲು ತೆಗೆದ. ಸೀತಕ್ಕ ಇಣುಕಿ, "ಮೇಷ್ಟ್ರೇ, ಇದೀರಾ?" ಎಂದರು. ಅವರ ಕಣ್ಣಲ್ಲಿ ನೀರಿತ್ತು. ನಾನು ಇದ್ದೇನೆ ಎಂದು ಖಾತ್ರಿಯಾದ ಮೇಲೆ ಆ ಕಣ್ಣು ಮೆಲ್ಲಗೆ ಪಂಚೆಯ ಕಡೆ ಇಳಿಯಿತು. ಮೊದಲಿನ ನಾಲ್ಕೈದು ಹನಿ ಬಿಟ್ಟರೆ ಪಂಚೆ ಬೆಳ್ಳಗಿತ್ತು.

"ಅಲ್ಲಾ, ಇಷ್ಟು ದೂರ ಉರುಳಿದ್ರೂ ಒಂದು ಸೌಟು ಚೆಲ್ಲಿಲ್ಲ."

"ನನ್ನ ಷರ್ಟು ನೋಡಿ ಸೀತಕ್ಕ," ಎಂದೆ. ಎದೆಯ ಉದ್ದಕ್ಕೂ ಹುಳಿ ಇಳಿದಿತ್ತು. ಪುಣ್ಯಕ್ಕೆ ಆರಿತ್ತು.

"ಅದು ನೀವು ಹೆದರಿ ಚೆಲ್ಲಿಕೊಂಡಿದ್ದು. ವ್ಯಾನಿಂದೇನು ತಪ್ಪು? ಬ್ರೇಕು ರಿಪೇರಿ ಮಾಡಿಸಬಹುದು, ಮೇಷ್ಟ್ರೇ. ಈ ಸ್ಪ್ರಿಂಗು ಎಲ್ಲಿ ಸಿಗತ್ತೆ?"

ಪಾತ್ರೆ ಅಲುಗದಿದ್ದುದು ಸ್ಪ್ರಿಂಗಿನಿಂದಲ್ಲ, ನಾನು ಮುಟ್ಟಕೂಡದ ಪಾತ್ರೆಯನ್ನು ತಬ್ಬಿಕೊಂಡು ಕೂತದ್ದರಿಂದ ಎಂದು ಆಗಲೇ ಹೇಳಬೇಕಾಗಿತ್ತು. ವಿಜ್ಞಾನ ಓದಿದವನು ಪ್ರಯೋಗ ಕೆಟ್ಟಿದೆ ಎಂದು ಒಪ್ಪಿಕೊಳ್ಳಬೇಕು. ಆದರೆ ಒಪ್ಪಿಕೊಂಡರೆ ನಾಲ್ಕನೆಯ ವ್ಯಾನು ಬರುತ್ತಿತ್ತು, ಅದರ ಹಿಂದೆ ಮತ್ತೆ ನಾನು ಕೂರಬೇಕಾಗುತ್ತಿತ್ತು. ಷರ್ಟು ಒರೆಸಿಕೊಂಡು ಇಳಿದೆ. ಚಿನ್ನಪ್ಪ ಮೂರು ದಿನದಲ್ಲಿ ಬ್ರೇಕನ್ನೆಲ್ಲ ಹೊಸದಾಗಿ ಹಾಕಿಸಿ, ನನ್ನ ಮನೆಗೇ ಬಂದು ಎಳೆದು ತೋರಿಸಿದ. ಲೀಸಿನ ಕಾಗದವನ್ನು ನಾನೇ ಬರೆದೆ; "ಸದರಿ ವಾಹನದಲ್ಲಿ ಸ್ವಂತದ ಎರಡು ಕಲ್ಲುಗಳು ಸದಾ ಇರತಕ್ಕದ್ದು" ಎಂಬ ಷರತ್ತು ಸೇರಿಸಿ, ಕೆಳಗೆ ಸಾಕ್ಷಿಯೆಂದು ರುಜು ಹಾಕಿದೆ. ರುಜು ಸ್ವಲ್ಪ ಅಲುಗಿದೆ.

ಒಂದನೆಯ ತಾರೀಖು ಮುನ್ನೂರು ಊಟ ಹೊರಟಿತು. ಕಾರ್ಖಾನೆಯ ದಾರಿಯೆಲ್ಲ ಏರಿಳಿತ; ಮುಚ್ಚಳವಿದ್ದರೂ ಅಲ್ಲಿಗೆ ಮುಟ್ಟುವ ಹೊತ್ತಿಗೆ ಹುಳಿ ವ್ಯಾನಿನ ನೆಲದ ಮೇಲೆಲ್ಲ ಹರಿದಿತ್ತು. ಉಳಿದದ್ದಕ್ಕೆ ಸೀತಕ್ಕ ಅಲ್ಲೇ ಬಿಸಿನೀರು, ಪುಡಿ ಸೇರಿಸಿ ಹೇಗೋ ಮಾನ ಉಳಿಸಿಕೊಂಡರು. ಸಂಜೆ ನಮ್ಮ ಮನೆಗೆ ಬಂದು, ಕಾಫಿ ಮುಟ್ಟದೆ, ನನ್ನನ್ನೇ ನೋಡುತ್ತ ಕೂತರು.

"ಆವತ್ತು ಪಾತ್ರೆ ಮುಟ್ಟಿದ್ರಾ ಮೇಷ್ಟ್ರೇ?"

"ಮುಟ್ಟಿದ್ದೆ."

"ಎಷ್ಟು?"

"ಪೂರ್ತಿ."

ಅವರು ಬೈಯುತ್ತಾರೆಂದು ಕಾದೆ. ಅವರು ನಗಲು ಶುರುಮಾಡಿದರು, ವಿಮಲಳೂ ಸೇರಿಕೊಂಡಳು. "ಹಾಗಾದ್ರೆ ವ್ಯಾನು ಸರಿಯಾಗೇ ಇದೆ," ಎಂದರು ಕಣ್ಣೊರೆಸಿಕೊಳ್ಳುತ್ತ, "ಅದರ ಒಂದು ಭಾಗ ಇಲ್ಲಿ ಬಿಟ್ಟುಹೋಗಿತ್ತು, ಅಷ್ಟೆ." ಕಾಲೇಜಿಗೆ ರಜೆ ಹಾಕಿ ಮುಂದಿನ ನಾಲ್ಕು ದಿನ ನಾನು ಆ ಭಾಗವಾಗಿ ಪ್ರಯಾಣ ಮಾಡಿದೆ. ಪ್ರತಿ ಏರಿನಲ್ಲೂ ಕಣ್ಣುಮುಚ್ಚಿ, ಪಾತ್ರೆಗೆ ಕೆನ್ನೆಯಿಟ್ಟು ಮನೆ ಎಣಿಸುತ್ತಿದ್ದೆ. ಹುಳಿ ಚೆಲ್ಲಲಿಲ್ಲ. ಐದನೆಯ ದಿನ ಚಿನ್ನಪ್ಪ ಎರಡು ಹಳೆಯ ಲಾರಿ ಟೈರು ತಂದು ಒಂದರ ಮೇಲೊಂದು ಇಟ್ಟು, ನಡುವೆ ಕೊಳದಪ್ಪಲೆ ಇಳಿಸಿದ. ಅದು ನನಗಿಂತ ಗಟ್ಟಿಯಾಗಿ ಅಪ್ಪಿಕೊಂಡಿತು. ಅದಾಗಿ ವರ್ಷವಾಗುತ್ತ ಬಂತು. ಒಂದು ದಿನವೂ ಹನ್ನೆರಡೂವರೆ ತಪ್ಪಿಲ್ಲ. ಮೊನ್ನೆ ಕಾರ್ಖಾನೆಯವರು ಇನ್ನೊಂದು ವರ್ಷಕ್ಕೆ ಮುಂದುವರಿಸಿದ್ದಾರೆ.

ಕಳೆದ ವಾರ ಹನುಮಂತನಗರದ ಆ ಏರಿನಲ್ಲಿ ಒಂದು ಗೃಹಪ್ರವೇಶ. ಊಟ ಸೀತಕ್ಕನದು; ಬಂದದ್ದು ಚಿನ್ನಪ್ಪನ ವ್ಯಾನಿನಲ್ಲಿ. ಚಕ್ರಕ್ಕೆ ಸ್ವಂತದ ಎರಡು ಕಲ್ಲು ಕೊಟ್ಟಿದ್ದ. ನಾನು ಹೊಸ ಗೋಡೆಯ ಮೇಲೆ ಕೈಯಾಡಿಸುತ್ತ ನಿಂತಿದ್ದೆ. ಅಂದು ನನ್ನನ್ನು ತಡೆದ ಮರಳು ಅದರಲ್ಲೇ ಎಲ್ಲೋ ಇತ್ತು. ಮನೆಯ ಯಜಮಾನರು ಬಂದು, "ಗಿಲಾವು ಚೆನ್ನಾಗಿ ಬಂದಿದೆ, ಅಲ್ವಾ?" ಎಂದರು. ಹೊಸಬರು, ಕಥೆ ಕೇಳಿರಲಿಲ್ಲ. "ನಿಮ್ಮ ಮರಳಿಗೂ ನನಗೂ ಹಳೇ ಪರಿಚಯ, ಸ್ವಾಮಿ. ಆ ದಿನ ನಾನು ಮೇಲಿನಿಂದ ಎಂಟು ಮನೆ," ಎಂದು ಶುರುಮಾಡಿದೆ. ಹಿಂದಿನಿಂದ ವಿಮಲ ಮೆಲ್ಲಗೆ ಅಂದಳು:

"ಆ ಟೈರೇ ವಾಸಿ ಕಣ್ರೀ. ಅದು ನಿಮಗಿಂತ ಎಷ್ಟೋ ಜಾಸ್ತಿ ಉರುಳಿದೆ, ಅದು ಯಾರಿಗಾದ್ರೂ ಹೇಳಿಕೊಂಡಿದೆಯಾ?"

ನಾನು ಕಥೆಯನ್ನು ಅಲ್ಲಿಗೇ ಬಿಟ್ಟು ಊಟದ ಎಲೆಯ ಕಡೆ ನಡೆದೆ. ಆದರೆ ಅಂದು ಮರಳಿನ ರಾಶಿ ಬಿದ್ದಿದ್ದ ಜಾಗದ ಪಕ್ಕದಲ್ಲಿ ಈಗ ಹೊಸ ಮನೆಯೊಂದು ಎದ್ದಿರುವುದರಿಂದ, ಇನ್ನು ಮೇಲೆ ಒಂಬತ್ತು ಎಂದು ಹೇಳಿದರೆ ಅದು ಸುಳ್ಳಾಗುವುದಿಲ್ಲ.