ಹೆಸರಾಂತ ನಟನ ಜೊತೆ ಒಂದೇ ಸೀನು

ವಯಸ್ಸಾದವರನ್ನು ಇಟ್ಟುಕೊಂಡು ನೋಡಿಕೊಳ್ಳೋ ನರ್ಸಿಂಗ್ ಹೋಮಿನ ಕೆಲಸದಲ್ಲಿ ನಗು ಯಾವ ರೂಮಿಂದ ಬರುತ್ತೆ ಅಂತ ಹೇಳೋಕಾಗಲ್ಲ. ಕೋವಿಡ್ ಬಂದ ಮೊದಲ ವರ್ಷ, ಐರ್ಲೆಂಡಿನ ಕಿಲ್ಕೆನ್ನಿ ಹತ್ತಿರ ನಾನು ನರ್ಸ್ ಆಗಿದ್ದ ಕಡೆ ಒಂದೇ ವಾರದಲ್ಲಿ ಮೂವರು ತೀರಿಹೋದರು. ಆಗಲೂ ನಗು ಬಂತು.

ಸೂಪ್

ಎಂಬತ್ತು ದಾಟಿದ ಒಬ್ಬ ಅಜ್ಜ, ಇಂಗ್ಲೆಂಡಿನಲ್ಲಿ ಬಸ್ ಓಡಿಸಿ ರಿಟೈರ್ ಆದವರು, ಪಕ್ಕದ ರೂಮಿನ ಗೆಳೆಯ ತೀರಿಕೊಂಡ ಮೇಲೆ ಊಟ ಬಿಟ್ಟರು. ಸೂಪ್ ಹಿಡಿದು ಕೂತೆ. ಏನೂ ತಿನ್ನದೆ ಇದ್ರೆ ಹೇಗೆ ಅಂತ ಕೇಳಿದೆ. ನೀನು ಬೆಳಗ್ಗೆಯಿಂದ ಏನು ತಿಂದೆ ಅಂದರು. ರಂಜಾನ್ ಉಪವಾಸ ಅಂದೆ.

"ಹಾಗಾದ್ರೆ ಇಬ್ಬರೂ ಸಂಜೆ ನೋಡೋಣ," ಅಂದರು.

ಲ್ಯಾಬ್ ರಿಪೋರ್ಟ್

ಒಂದು ದಿನ ಟಿವಿಯಲ್ಲಿ ಹೆಸರಾಂತ ನಟನೊಬ್ಬನನ್ನು ತೋರಿಸಿದರು. ಇವನಿಗೆ ಹೆಸರು ತಂದ ಮೊದಲ ಸೀನಿನಲ್ಲಿ ಜೊತೆಗಿದ್ದವನು ನಾನೇ, ಅಂದರು ಅಜ್ಜ. ವಿಡಿಯೋ ಕಾಲಿನಲ್ಲಿ ಡಾಕ್ಟರಿಗೆ ತಿಳಿಸಿದೆ. ಇನ್ಫೆಕ್ಷನ್ ಆದ್ರೆ ವಯಸ್ಸಾದವರು ಹೀಗೆ ಏನೇನೋ ಮಾತಾಡ್ತಾರೆ, ಯೂರಿನ್ ಟೆಸ್ಟ್ ಮಾಡಿಸಿ ಅಂದರು. ರಿಪೋರ್ಟ್ ನಾರ್ಮಲ್ ಬಂತು.

"ಗ್ರ್ಯಾಂಡ್, ಒಳ್ಳೇದೇ ಆಯ್ತು," ಅಂದರು ಅಜ್ಜ. "ನಾನು ನಿಜ ಹೇಳ್ತಿದ್ದೀನಿ ಅಂತ ಲ್ಯಾಬೇ ಬರ್ಕೊಟ್ಟಿದೆ."

ರಜೆ

ಒಳಗೆ ಯಾರನ್ನೂ ಬಿಡ್ತಿರಲಿಲ್ಲ. ಅಜ್ಜನ ಮಗಳು ಭಾನುವಾರ ಕಿಟಕಿಯಾಚೆ ನಿಂತು ಫೋನಿನಲ್ಲಿ ಮಾತಾಡಿ ಹೋಗ್ತಿದ್ದಳು. ಸಿನಿಮಾ ವಿಷಯ ಅವಳಿಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂತ ಕೇಳಿದಳು. ಜ್ವರ ಅಂತ ಸುಳ್ಳು ರಜೆ ಹಾಕಿ ಶೂಟಿಂಗಿಗೆ ಹೋಗಿದ್ದರಂತೆ. ದನಿ ತಗ್ಗಿಸಿ, "ಡಿಪೋದವರಿಗೆ ಗೊತ್ತಾದ್ರೆ?" ಅಂದರು.

ಕೆಲಸ ಬಿಟ್ಟು ಇಪ್ಪತ್ತು ವರ್ಷ ಆಗಿತ್ತು.

ಆ ಸೀನು

ಹುಡುಕಿ ಹುಡುಕಿ ಆ ಬ್ರಿಟಿಷ್ ಸಿನಿಮಾ ಪತ್ತೆ ಮಾಡಿದೆ. ಬಂದಾಗ ಯಾರೂ ನೋಡಿರಲಿಲ್ಲವಂತೆ. ಆದರೆ ಅದರಲ್ಲಿ ಅಳುವ ಒಂದು ಸೀನು ನೋಡಿಯೇ ಆ ನಟನಿಗೆ ದೊಡ್ಡ ಪಾರ್ಟು ಸಿಕ್ಕಿತು ಅಂತ ಬರೆದಿದ್ದರು. ಅಪ್ಪ, ಮಗಳು ಇಬ್ಬರಿಗೂ ಕಾಣೋ ಹಾಗೆ ಟ್ಯಾಬ್ಲೆಟ್ಟನ್ನು ಕಿಟಕಿ ಹತ್ತಿರ ಇಟ್ಟೆ.

ಒಂದು ಮಂಚ, ಅದರ ಮೇಲೆ ಹೆಣ. ಹೆಣ ನಮ್ಮ ಅಜ್ಜ. ಮಗನ ಪಾತ್ರದ ಆ ನಟ ಪಕ್ಕದಲ್ಲಿ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಭುಜ ಗಡಗಡ ಅಲುಗಾಡ್ತಿತ್ತು.

ಕಿಟಕಿಯಾಚೆ ಮಗಳು ಗಾಜಿಗೆ ಹಣೆ ಒತ್ತಿ ಅಳತೊಡಗಿದಳು. ಅಪ್ಪನನ್ನು ಹಾಗೆ ನೋಡಬೇಕಾಗುತ್ತೇನೋ ಅಂತ ಆ ತಿಂಗಳು ಪೂರ್ತಿ ಹೆದರಿದ್ದಳು.

ಅಜ್ಜ ಫೋನ್ ಎತ್ತಿಕೊಂಡರು.

"ಅಳಬೇಡ ಮಗಳೇ. ಅವನೂ ಅಳ್ತಿಲ್ಲ. ಬೆಳಗ್ಗೆಯಿಂದ ಅಲ್ಲಾಡದೆ ಮಲಗಿಸಿದ್ರು, ನಂಗೆ ನಿದ್ದೆ ಬಂದ್ಬಿಟ್ಟಿತ್ತು. ನನ್ನ ಗೊರಕೆ ಕೇಳಿ ಅವನು ನಗು ತಡ್ಕೊಳ್ತಿದ್ದಾನೆ."