ದೇವರ ಹೋರಿ ಮೇದ ಕೋಳಿಜುಟ್ಟು

ಭತ್ತ ಬೆಳೆ ಅಂದರೆ ಬೆಳೆಯುತ್ತೇನೆ, ಜೋಳ ಬೆಳೆ ಅಂದರೆ ಬೆಳೆಯುತ್ತೇನೆ, ಮೀಸೆಯನ್ನೂ ನಾಲ್ಕು ಜನ ತಿರುಗಿ ನೋಡುವ ಮಟ್ಟಿಗೆ ಬೆಳೆಸಿದ್ದೇನೆ. ಆದರೆ ಹೂವಿನ ಗಿಡದ ಮುಂದೆ ನನ್ನ ಕೈಕಾಲು ಆಡುವುದಿಲ್ಲ. ಮಲ್ಲಿಗೆ, ಕಣಗಿಲೆಗಳ ಮಾತಲ್ಲ ಇದು. ಅವು ಪಾಪ, ಒಮ್ಮೆ ನೆಟ್ಟರೆ ಮೊಮ್ಮಕ್ಕಳ ಕಾಲದವರೆಗೂ ತಮ್ಮ ಪಾಡಿಗೆ ತಾವು ಅರಳಿಕೊಂಡಿರುತ್ತವೆ. ನಾನು ಹೆದರುವುದು ವರ್ಷವರ್ಷವೂ ಬೀಜ ಹಾಕಿ, ಸಸಿ ಎಬ್ಬಿಸಿ, ಹೂ ನೋಡಿ, ಮತ್ತೆ ಬೀಜ ಹಿಡಿದಿಡಬೇಕಾದ ಜಾತಿಗೆ. ಒಂದು ವರ್ಷ ಮೈಮರೆತರೆ ಅದರ ವಂಶವೇ ಮುಗಿಯಿತು.

ನಮ್ಮ ಮನೆಯಲ್ಲಿ ಅಂಥದ್ದೊಂದಿತ್ತು, ಕೋಳಿಜುಟ್ಟಿನ ಹೂ. ಹೂವೆಂದರೆ ಅಂಗೈ ಅಗಲ, ಕುಂಕುಮದ ಬಣ್ಣ. ನಮ್ಮ ಹಿರಿಯರು ಕನ್ನಡ ಸೀಮೆಯಿಂದ ದನ ಹೊಡೆದುಕೊಂಡು ಈ ಕಂಬಂ ಕಣಿವೆಗೆ ಇಳಿದಾಗ ಯಾವಳೋ ಅಜ್ಜಿ ಸೆರಗಿನ ತುದಿಗೆ ಕಟ್ಟಿ ತಂದ ಬೀಜವಂತೆ. ಸೋರೆ ಬುರುಡೆಯಲ್ಲಿ ಬೂದಿ ಬೆರೆಸಿ ಒಲೆಯ ಮೇಲೆ ತೂಗುಹಾಕುವುದು ಪದ್ಧತಿ. ಮದುವೆಯಾಗಿ ಹೋಗುವ ಮಗಳ ಸೆರಗಿಗಲ್ಲದೆ ಬೇರೆ ಯಾರಿಗೂ ಒಂದು ಕಾಳೂ ಕೊಡುವಂತಿಲ್ಲ. ವರಸೆಯಲ್ಲಿ ನನಗೆ ಭಾವನಾಗುವ ಪಕ್ಕದ ಮನೆಯ ಕೆಂಚಪ್ಪ ವರ್ಷವೂ ಬೇಲಿಯಾಚೆಯಿಂದ, "ಮಚ್ಚಾನ್, ಒಂದು ಚಿಟಿಕೆ ಕೊಡಪ್ಪಾ" ಎಂದು ಕೇಳುತ್ತಿದ್ದ. ಒಳಗಿನಿಂದ ನಮ್ಮವ್ವ, "ನಿನ್ನ ಮನೆಗೆ ಹೆಣ್ಣು ಕೊಟ್ಟಾಗ ಕೊಡ್ತೀವಿ ಹೋಗ್ಲಾ" ಎನ್ನುತ್ತಿದ್ದಳು. ಅವನಿಗಿರುವುದೋ ಒಬ್ಬಳೇ ಮಗಳು. ಗಂಡುಮಕ್ಕಳೇ ಇಲ್ಲದ ಮನೆಗೆ ನಾವು ಹೆಣ್ಣು ಕೊಡುವುದಾದರೂ ಹೇಗೆ?

ಬೆಟ್ಟದ ಮೇಲೆ ಬಿಳಿ ದೊರೆಗಳು ಪೆರಿಯಾರು ಹೊಳೆಗೆ ಒಡ್ಡು ಕಟ್ಟುತ್ತಿದ್ದ ಆ ವರ್ಷ, ಸಂಕ್ರಾಂತಿಯ ತೈ ತಿಂಗಳಿಗೆ ನನ್ನ ಮಗಳು ಲಕ್ಕಮ್ಮನ ಮದುವೆ ಗೊತ್ತಾಯಿತು. ಗಂಡಿನ ಊರು ಹನುಮಂತನಪಟ್ಟಿ. ಆದರೆ ಮಳೆಗಾಲದಲ್ಲಿ ಸೂರು ಸೋರಿ ಬುರುಡೆಯೊಳಗೆ ನೀರಿಳಿದಿತ್ತು. ಇದ್ದ ಬೀಜವನ್ನೆಲ್ಲ ಹಾಕಿದರೂ ಎದ್ದದ್ದು ಬೆರಳೆಣಿಕೆಯ ಸಸಿ. "ಸೆರಗಿಗೆ ಬೀಜ ಕಟ್ಟದೆ ನನ್ನ ಮೊಮ್ಮಗಳು ಹೊಸಲು ದಾಟಾಕಿಲ್ಲ" ಎಂದು ಅವ್ವ ಹೇಳಿಬಿಟ್ಟಳು. ದಿಂಡುಕಲ್ಲಿನ ಸಂತೆಯಿಂದ ತರುತ್ತೇನೆ ಎಂದೆ. "ಸಂತೇಲಿ ಅಜ್ಜಿನೂ ಸಿಗ್ತಾಳಾ ನೋಡ್ಕೊಂಡ್ ಬಾ" ಎಂದಳು. ಕಾವಲಿಗೆ ನಾನೇ ಕುಳಿತೆ.

ಗಿಡ ಹೂಬಿಟ್ಟಿತು, ಬೀಜ ಬಲಿಯಿತು, ನಾಳೆ ಕೊಯ್ಯೋಣ ಎಂದುಕೊಂಡ ದಿನ ಬೇಲಿ ಮುರಿದುಕೊಂಡು ದೇವರ ಹೋರಿ ಬಂತು. ನಮ್ಮವರು ದೇವರಿಗೆ ಬಿಟ್ಟ ಈ ಹೋರಿಯನ್ನು ಕಟ್ಟುವಂತಿಲ್ಲ, ಹೂಡುವಂತಿಲ್ಲ, ಹೊಡೆಯುವುದಂತೂ ದೂರದ ಮಾತು. ಅದು ಹೊಲಕ್ಕೆ ನುಗ್ಗಿದರೆ ಕೈಮುಗಿಯಬೇಕು. ನಾನೂ ಕೈಮುಗಿದೆ. "ಸಾಮೀ, ಅದೊಂದು ಬಿಟ್ಟು ಬೇರೇನಾದರೂ ತಿನ್ನು" ಎಂದು ಬೇಡಿಕೊಂಡೆ. ಬೆಲ್ಲ ಇಟ್ಟೆ, ಬಾಳೆಗೊನೆ ಇಟ್ಟೆ. ಅದೆಲ್ಲವನ್ನೂ ಸಾವಕಾಶವಾಗಿ ತಿಂದು, ಬಾಯಿ ಚಪ್ಪರಿಸಿ, ಮತ್ತೆ ಕೋಳಿಜುಟ್ಟಿಗೇ ಬಾಯಿ ಹಾಕಿತು. ಬುಡವೂ ಉಳಿಯಲಿಲ್ಲ. ಅವ್ವ ಓಡಿಬಂದು ಮೊದಲು ಹೋರಿಗೆ ಅಡ್ಡಬಿದ್ದಳು, ಎದ್ದಮೇಲೆ ನನಗೆ ಬೈದಳು. ಬೇಲಿಯಾಚೆಯಿಂದ ಕೆಂಚಪ್ಪ, "ಪುಣ್ಯವಂತ ಮಚ್ಚಾನ್ ನೀನು! ಸಾಮಿ ತಾನಾಗೇ ಬಂದು ಉಂಡವ್ನೆ" ಎಂದ. ಮೈಯೆಲ್ಲ ಉರಿಯಿತು. ಒಳಗೆ ಲಕ್ಕಮ್ಮ ಅಳುತ್ತಿದ್ದಳು.

ಅಳು ನಿಲ್ಲಿಸಿದ್ದು ಅವ್ವನೇ. ನನ್ನನ್ನು ಪಕ್ಕಕ್ಕೆ ಕರೆದು, "ಆ ಬೀಜ ಕಲ್ಲಿನಂಗೆ, ಅರಗಾಕಿಲ್ಲ. ಒಳಗೆ ಹೋದ್ದು ಹೊರಗೆ ಬರ್ದೆ ಎಲ್ಲಿಗ್ ಹೋಯ್ತದೆ? ಮಂಕರಿ ತಗೊಂಡು ಹಿಂದೇನೆ ಹೋಗು. ಯಾರ್ಗೂ ಬಾಯಿ ಬಿಡಬ್ಯಾಡ" ಎಂದಳು.

ಹೀಗೆ ನಾಲ್ಕು ಜನ ತಿರುಗಿ ನೋಡುವ ಮೀಸೆಯ ನಾನು, ತಲೆಯ ಮೇಲೆ ಮಂಕರಿ ಹೊತ್ತು ಹೋರಿಯ ಹಿಂದೆ ಹೊರಟೆ. ಅದು ಗದ್ದೆಗೆ ಹೋದರೆ ಗದ್ದೆಗೆ, ಹೊಳೆಗೆ ಹೋದರೆ ಹೊಳೆಗೆ. ಬಾಲ ಎತ್ತಿತೆಂದರೆ ನನಗೆ ಎಲ್ಲಿಲ್ಲದ ಸಂತೋಷ. ಊರಿಗೆ ಊರೇ ನೋಡಿತು. "ಕವುಂಡ್ರಿಗೆ ಏನ್ ಬಕ್ತಿ ಬಂದ್ಬುಡ್ತು!" ಎಂದು ಹೆಂಗಸರು ಕೆನ್ನೆ ತಟ್ಟಿಕೊಂಡರು. ಭಕ್ತಿಯಲ್ಲಿ ಹಿಂದೆ ಬೀಳುವ ಗಂಡಸೇ ಕೆಂಚಪ್ಪ? ನನ್ನದಕ್ಕಿಂತ ದೊಡ್ಡ ಮಂಕರಿ ತಂದ. "ಇದು ನಂದು" ಎಂದು ನಾನು ಅಡ್ಡ ನಿಂತರೆ, "ಸಾಮಿ ನಿನಗ್ ಮಾತ್ರ ಸೊಂತವಾ?" ಎಂದು ಕೇಳಿದ. ಬೀಜದ ಸಂಗತಿ ಹೇಳುವಂತಿಲ್ಲ, ಹೇಳದೆ ಬಿಡಿಸಿಕೊಳ್ಳುವಂತಿಲ್ಲ. ನನ್ನ ಕಣ್ಣೆದುರೇ ಪೂರ್ವಿಕರ ಆಸ್ತಿ ಅರ್ಧಕ್ಕರ್ಧ ಅವನ ಹಿತ್ತಲು ಸೇರಿತು.

ಸಿಕ್ಕಿದ್ದನ್ನು ಕಾಲುವೆಯಲ್ಲಿ ಜಾಲಿಸಿದೆ. ತಳದಲ್ಲಿ ಮಿರಮಿರ ಮಿಂಚುವ ಕರಿ ಬೀಜ, ಒಂದು ಹಿಡಿ! ಕಾಲುವೆಯಲ್ಲೇ ನಿಂತು ಕೂಗಿಬಿಟ್ಟೆ. ಅರ್ಧ ಮನೆಗೆ ಇಟ್ಟುಕೊಳ್ಳೋಣ ಎಂದರೆ ಅವ್ವ, "ಹೆಣ್ಮಗೂಗೆ ಕೊಡೋದ್ರಲ್ಲಿ ಪಾಲು ಮಾಡ್ತಾರಾ?" ಎಂದು ಅಷ್ಟನ್ನೂ ಲಕ್ಕಮ್ಮನ ಸೆರಗಿಗೆ ಗಂಟು ಹಾಕಿದಳು. ಮದುವೆಯ ದಿನ ಬೀಗಿತಿ ಆ ಗಂಟನ್ನು ಕಣ್ಣಿಗೊತ್ತಿಕೊಂಡು, ಮೂಗರಳಿಸಿ, "ಏನೋ ಒಂದು ತರ ವಾಸನೆ" ಎಂದರು. "ಹಳೇ ಮನೆತನ ಅಲ್ವಾ" ಎಂದಳು ಅವ್ವ. ಅಳುತ್ತಿದ್ದ ಲಕ್ಕಮ್ಮ ನನ್ನ ಮುಖ ನೋಡಿ ಪಕ್ಕನೆ ನಕ್ಕಳು. ಆ ನಗು ನೋಡಿ ನನಗೆ ಅಳು ಬಂತು.

ಮುಂದಿನ ಮಳೆಗೆ ಕೆಂಚಪ್ಪನ ಹಿತ್ತಲು ಕೆಂಪಗೆ ಉರಿಯಿತು. ಆಳೆತ್ತರದ ಗಿಡಗಳು! ನಮ್ಮ ಹಿತ್ತಲಲ್ಲಿ ಬರಿ ಮಣ್ಣು. ಮಗಳಿಗೆ ಕೊಟ್ಟದ್ದನ್ನು ವಾಪಸು ಬೇಡುವುದು ನಮ್ಮಲ್ಲಿಲ್ಲ. ಮರ್ಯಾದೆ ಬಿಟ್ಟು ಬೇಲಿಯ ಹತ್ತಿರ ಹೋಗಿ, "ಮಚ್ಚಾನ್, ಒಂದು ಚಿಟಿಕೆ..." ಎಂದೆ.

"ಅಯ್ಯಯ್ಯೋ! ಸಾಮಿ ನಮ್ಮನೇಗೇ ಅಂತ ಕೊಟ್ಟ ಬೀಜ ಮಚ್ಚಾನ್. ಮಗಳ ಸೆರಗಿಗಲ್ದೆ ಇನ್ಯಾರ್ಗೂ ಕೊಡಾಕಿಲ್ಲ" ಎಂದ.

ಒಳಗೆ ಬಂದು ಹೇಳಿದೆ. ಅವ್ವ ಪ್ರಾಯಕ್ಕೆ ಬಂದ ನನ್ನ ಮಗನ ಕಡೆ ನೋಡಿದಳು. ಕೆಂಚಪ್ಪನ ಕುಲದ ಬೆಡಗು ಬೇರೆ, ಸಂಬಂಧಕ್ಕೆ ಅಡ್ಡಿಯಿಲ್ಲ, ಅವನ ಹುಡುಗಿ ಲಕ್ಷಣವಂತೆ, ಇಬ್ಬರಿಗೂ ಬೇಲಿಯ ಹತ್ತಿರ ಆಗಾಗ ಕೆಲಸವಿರುವುದು ನನ್ನೊಬ್ಬನಿಗೆ ಬಿಟ್ಟು ಮನೆಯವರಿಗೆಲ್ಲ ಗೊತ್ತಿತ್ತಂತೆ. ಹೆಣ್ಣು ಕೇಳಲು ಹೊರಟಾಗ ನನ್ನವಳು, "ಹುಡುಗಿ ಮುಖಾನೂ ಒಂಚೂರು ನೋಡಿ. ಹಿತ್ತಲನ್ನೇ ನೋಡ್ಕೊಂಡ್ ಕೂತ್ಕೋಬ್ಯಾಡಿ" ಎಂದಳು.

ಕೆಂಚಪ್ಪ ಒಪ್ಪಿದ. ಒಪ್ಪಿ, ಬೀಜಕ್ಕೆ ಬೂದಿ ಬೆರೆಸುವುದು ಹೇಗೆ, ಬುರುಡೆ ತೂಗುಹಾಕುವುದು ಎಲ್ಲಿ ಎಂದೆಲ್ಲ ನನಗೆ ಪಾಠ ಮಾಡಿದ. ನಾನು ಗೊತ್ತಿಲ್ಲದವನಂತೆ ತಲೆಯಾಡಿಸಿದೆ. ಕೊನೆಗೆ, "ಇನ್ನೊಂದು ಮಾತು ಬೀಗರೇ, ಈ ಹೂಗೆ ಸಾಮಿ ಹೋರಿ ಗೊಬ್ಬರಾನೇ ಆಗ್ಬೇಕು. ಅದನ್ನ ಹೊರಾದ್ರಲ್ಲಿ ನಿಮ್ಮನ್ನ ಬಿಟ್ರೆ ಊರಲ್ಲಿ ಇನ್ಯಾರವ್ರೆ?" ಎಂದ.

ಮದುವೆ ಬೇಸಿಗೆಯ ವೈಕಾಸಿ ತಿಂಗಳಿಗೆ. ಹೋರಿ ಈಗ ಹೊಳೆಯ ಕಡೆ ಹೋಗುತ್ತಿದೆ. ನನ್ನವಳು ಮಂಕರಿ ಎಲ್ಲಿಟ್ಟಿದ್ದಾಳೋ, ಕೇಳಬೇಕು.